ಕೋಟೆಯ ಚಿತ್ರಗಳಲ್ಲಿ ಕಾಣದ ಸ್ಕಾಟ್ಲೆಂಡ್

ಸ್ಕಾಟ್ಲೆಂಡ್ ಪ್ರವಾಸ ಮುಗಿಸಿ ಬಂದ ಮಹನೀಯರೊಬ್ಬರು ಈ ವರ್ಷ ನಮ್ಮ ಕಾಲೇಜಿನ ಇತಿಹಾಸ ಸಂಘದಲ್ಲಿ ಭಾಷಣ ಮಾಡಿ, ತಾವು ತೆಗೆದ ಚಿತ್ರಗಳನ್ನು ತೋರಿಸಿದರು. ಎಡಿನ್‌ಬರೋ ಕೋಟೆ, ಹೋಲಿರೂಡ್ ಅರಮನೆ, ಚೌಕಳಿ ಲಂಗ ತೊಟ್ಟು ಬ್ಯಾಗ್‌ಪೈಪ್ ಊದುವವರು, ಎಲ್ಲವೂ ಸೊಗಸಾಗಿಯೇ ಇದ್ದವು. ಕೊನೆಯಲ್ಲಿ ನಾನು ಎದ್ದು, "ಸಾರ್, ಅಲ್ಲಿ ಕೂಲಿಕಾರರು ಬಾಳಿದ ಜಾಗ ನೋಡಲಿಲ್ಲವೇ?" ಎಂದು ಕೇಳಿದೆ. "ಅದನ್ನು ನೋಡಲು ಅಷ್ಟು ದೂರ ಹೋಗಬೇಕೇನಪ್ಪಾ?" ಎಂದರು. ಸಭೆ ನಕ್ಕಿತು. ನಾನೂ ನಕ್ಕು ಕುಳಿತೆ. ಆದರೆ ಹೋಗಬೇಕೆಂದೇ ನನ್ನ ಅಭಿಪ್ರಾಯ.

ನಾನು ಆ ದೇಶವನ್ನು ಪುಸ್ತಕಗಳಲ್ಲಿ ಮಾತ್ರ ಕಂಡವನು. ಎಡಿನ್‌ಬರೋದಲ್ಲಿ ಕೋಟೆಯಿಂದ ಅರಮನೆಯವರೆಗೆ ಇಳಿದುಹೋಗುವ ರಾಜಬೀದಿಯ ಎರಡು ಪಕ್ಕಗಳಲ್ಲೂ 'ಕ್ಲೋಸ್' ಎಂಬ ಇಕ್ಕಟ್ಟಾದ ಓಣಿಗಳಿವೆ. ಒಂದು ಕಾಲಕ್ಕೆ ಅಲ್ಲಿಯ ಎತ್ತರದ ಮನೆಗಳಲ್ಲಿ ಸಿರಿವಂತರೂ ಬಡವರೂ ಬೇರೆ ಬೇರೆ ಅಂತಸ್ತುಗಳಲ್ಲಿ ವಾಸವಾಗಿದ್ದರು. 1767ರಲ್ಲಿ ಜೇಮ್ಸ್ ಕ್ರೇಗನ ನಕ್ಷೆಯಂತೆ ಹೊಸ ಪಟ್ಟಣ ಏಳತೊಡಗಿತು. ಉಳ್ಳವರು ಅತ್ತ ಹೋದರು, ಇಲ್ಲದವರು ಓಣಿಗಳಲ್ಲೇ ಉಳಿದರು. ಮೇರಿ ಕಿಂಗ್ಸ್ ಕ್ಲೋಸ್ ಎಂಬ ಓಣಿಯ ಮೇಲಂತೂ ಅದಕ್ಕೂ ಮೊದಲೇ ವರ್ತಕರಿಗಾಗಿ ಭವನ ಕಟ್ಟಿದ್ದರು. ಕೆಳಗಿನ ಮನೆಗಳು ನೆಲದಡಿಯಲ್ಲಿ ಉಳಿದುಕೊಂಡವು. ಈಗ ಅವನ್ನು ಟಿಕೆಟ್ ಇಟ್ಟು ತೋರಿಸುತ್ತಾರೆ. ನಮ್ಮ ಭಾಷಣಕಾರರು ಅದರ ಮೇಲೆಯೇ ನಡೆದುಹೋಗಿರಬೇಕು!

ಗ್ಲಾಸ್ಗೋದಲ್ಲಿ ಬೀದಿಗಳ ಹೆಸರು ಓದಿದರೂ ಸಾಕು. ವರ್ಜೀನಿಯಾ ಬೀದಿ, ಜಮೈಕಾ ಬೀದಿ! ಗುಲಾಮರು ಬೆಳೆದ ಹೊಗೆಸೊಪ್ಪು, ಸಕ್ಕರೆಗಳಿಂದ ಆ ಊರು ಬೆಳೆಯಿತು. ನಮ್ಮ ಬಳ್ಳಾರಿ ಸೀಮೆಯವರು ಹೆಸರು ಕೇಳಿರುವ ಥಾಮಸ್ ಮನ್ರೋ 1761ರಲ್ಲಿ ಹುಟ್ಟಿದ್ದು ಅಲ್ಲಿಯೇ. ವರ್ಜೀನಿಯಾದೊಡನೆ ವ್ಯಾಪಾರ ನಡೆಸುತ್ತಿದ್ದ ಅವನ ತಂದೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ನಷ್ಟಹೊಂದಿದ. ಮಗ ಕಂಪನಿಯ ಸೈನ್ಯ ಸೇರಿ ಮದರಾಸಿಗೆ ಬಂದ. 1800ರಿಂದ ನಮ್ಮ ಹೊಲಗಳ ಕಂದಾಯ ಗೊತ್ತುಮಾಡಿದವನು ಅವನೇ.

ಗ್ಲಾಸ್ಗೋದಿಂದ ಸುಮಾರು 25 ಮೈಲಿ ದೂರದಲ್ಲಿ, ಕ್ಲೈಡ್ ನದಿಯ ದಡದಲ್ಲಿ, ನ್ಯೂ ಲ್ಯಾನಾರ್ಕ್ ಎಂಬ ಗಿರಣಿ ಗ್ರಾಮವಿದೆ. ಡೇವಿಡ್ ಡೇಲ್ ಎಂಬಾತ ನದಿಯ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿಗಳನ್ನು ಅಲ್ಲಿ ಹೂಡಿದ. ದುಡಿಯಲು ಎಡಿನ್‌ಬರೋದ ಅನಾಥ ಮಕ್ಕಳನ್ನು ಕರೆತಂದ. 1800ರಲ್ಲಿ ಆಡಳಿತ ವಹಿಸಿಕೊಂಡ ಅವನ ಅಳಿಯ ರಾಬರ್ಟ್ ಓವನ್, ಹತ್ತು ವರ್ಷದೊಳಗಿನವರನ್ನು ಗಿರಣಿಗೆ ಸೇರಿಸುವುದನ್ನು ನಿಲ್ಲಿಸಿ, 1816ರಲ್ಲಿ ಅವರಿಗಾಗಿ ಶಾಲೆ ತೆರೆದ. ಅಲ್ಲಿ ಹಾಡು, ಕುಣಿತ, ಗೋಡೆಯ ಮೇಲೆ ಭೂಪಟಗಳು; ಮಕ್ಕಳನ್ನು ಹೊಡೆಯಕೂಡದೆಂದು ಉಪಾಧ್ಯಾಯರಿಗೆ ಕಟ್ಟಪ್ಪಣೆ. ಓವನ್ ಲಾಭ ಬಿಟ್ಟವನೇನೂ ಅಲ್ಲ, ಗಿರಣಿಗೆ ಬಂದ ಹತ್ತಿಯಲ್ಲಿ ಗುಲಾಮರ ಬೆವರೂ ಇತ್ತು. ಆದರೂ ಶಾಲೆ ಶಾಲೆಯೇ. 1968ರಲ್ಲಿ ಗಿರಣಿ ನಿಂತಿತು. 2001ರಲ್ಲಿ ಯುನೆಸ್ಕೋ ಆ ಗ್ರಾಮವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಕಾಟ್ಲೆಂಡಿನಲ್ಲಿ ಒಂದೇ ದಿನ ಕಳೆಯುವ ಭಾಗ್ಯ ಬಂದರೂ ನಾನು ಕೋಟೆಯನ್ನು ಬಿಟ್ಟು ಇಲ್ಲಿಗೇ ಹೋಗುವೆನು.

ನನ್ನ ತಂದೆ ಹತ್ತಿ ಜಿನ್ನಿನಲ್ಲಿ ಹಮಾಲಿ. ಒಂಬತ್ತನೆಯ ವಯಸ್ಸಿಗೇ ಅಲ್ಲಿ ಸೇರಿದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಶಾಲೆಯ ಚಿತ್ರ ತೋರಿಸಿ, ಈ ಸಂಗತಿಯನ್ನೆಲ್ಲ ಅವರಿಗೆ ಹೇಳಿದೆ. ಬಹಳ ಹೊತ್ತು ನೋಡಿದರು.

"ಹತ್ತು ತುಂಬಿದ ಮ್ಯಾಲೆ?"

"ಗಿರಣಿಗೇ ಹೋಗ್ತಿದ್ರಪ್ಪ."

"ಹೋಗ್ಲಿ ಬಿಡು, ನಾಕಕ್ಷರ ಕಲ್ತು ಹೋದ್ರಲ್ಲ" ಎಂದು ಚಿತ್ರವನ್ನು ನನ್ನ ಕೈಗೆ ಕೊಟ್ಟರು.