ತೀರ್ಪುಗಾರರ ತೀರ್ಮಾನವೇ ಅಂತಿಮ... ಹೌದಾ?

ಮದುವೆ ಪತ್ರಿಕೆಯ ‘ತಮ್ಮ ಆಗಮನಾಭಿಲಾಷಿಗಳು’ ಒಂದನ್ನು ಬಿಟ್ಟರೆ, ಈ ಕೈ ಅತಿ ಹೆಚ್ಚು ಸಲ ಅಚ್ಚು ಹಾಕಿದ ಸಾಲು ಯಾವುದು ಗೊತ್ತೇ? ‘ತೀರ್ಪುಗಾರರ ತೀರ್ಮಾನವೇ ಅಂತಿಮ.’ ಕಬಡ್ಡಿ ಕರಪತ್ರವಿರಲಿ, ವಾಲಿಬಾಲ್ ಇರಲಿ, ಟೆನಿಸ್ ಬಾಲ್ ಕ್ರಿಕೆಟ್ ಇರಲಿ, ಕೆಳಗಡೆ ಆ ಸಾಲು ಇರಲೇಬೇಕು. ಪಿಯುಸಿ ಮುಗಿಸಿ ಕುಂದಾಣದಲ್ಲಿ ಮೊಳೆ ಜೋಡಿಸಲು ಕೂತ ದಿನದಿಂದ, ಟ್ರೆಡಲ್ ಹೋಗಿ ಆಫ್‌ಸೆಟ್ ಬಂದ ಮೇಲೂ, ಆ ಸಾಲು ಹೋಗಿಲ್ಲ. ಬರೆಸಿಕೊಂಡು ಹೋದವರು ಯಾರೂ ಅದನ್ನು ನಂಬಿದ್ದನ್ನು ನಾನು ನೋಡಿಲ್ಲ, ಆ ಮಾತು ಬೇರೆ!

2024ರ ಜೂನ್ 11ರ ರಾತ್ರಿ ಆ ಸಾಲಿನ ಮರ್ಯಾದೆ ನನ್ನ ಪ್ರೆಸ್ಸಿನೊಳಗೇ ಮೂರಾಬಟ್ಟೆಯಾಯಿತು.

ಶಾಲೆ ಶುರುವಾಗುವ ಕಾಲ. ರಸೀದಿ ಪುಸ್ತಕದ ಕೆಲಸ ರಾಶಿ ಬಿದ್ದಿತ್ತು. ರಾತ್ರಿ ಒಂಬತ್ತೂಕಾಲಿಗೆ ದೋಹಾದಲ್ಲಿ ಕತಾರ್ ಮೇಲೆ ಭಾರತದ ಆಟ. ವಿಶ್ವಕಪ್ ಅರ್ಹತಾ ಪಂದ್ಯಗಳ ಎರಡನೇ ಸುತ್ತಿನ ಕಡೆಯ ಪಂದ್ಯ. ಊರಿನ ಆರೇಳು ಹುಡುಗರು ಬಂದು ಪೇಪರ್ ಬಂಡಲ್‌ಗಳ ಮೇಲೆ ಕೂತರು. ಒಬ್ಬ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ ಮಾಡುವವನು, ಇಬ್ಬರು ಬೆಂಗಳೂರಿಗೆ ಕಾಲೇಜಿಗೆ ಹೋಗುವವರು. “ಪ್ರೆಸ್ಸಣ್ಣ, ಮಿಷನ್ ನಿಲ್ಸಣ್ಣ, ಇವತ್ತು ಗೆದ್ರೆ ಮೂರನೇ ಸುತ್ತು” ಅಂದರು. ಭಾರತ ಅಲ್ಲಿಗೆ ಎಂದೂ ಹೋಗಿರಲಿಲ್ಲ. ನಿಲ್ಲಿಸಿದೆ.

37ನೇ ನಿಮಿಷ, ಚಾಂಗ್ಟೆ ಗೋಲು! ಬಂಡಲ್ ಮೇಲಿದ್ದವರು ಕುಣಿದ ಕುಣಿತಕ್ಕೆ ಎರಡು ರೀಮ್ ಪೇಪರ್ ಮೂಲೆ ಮುರಿಯಿತು. ಹೋಗಲಿ ಬಿಡಿ. ಆಮೇಲೆ ಬಂತು 73ನೇ ನಿಮಿಷ. ಕತಾರಿನ ಯೂಸುಫ್ ಐಮನ್ ಹೆಡ್ ಮಾಡಿದ ಚೆಂಡನ್ನು ನಮ್ಮ ನಾಯಕ ಗುರ್‌ಪ್ರೀತ್ ತಡೆದ. ಚೆಂಡು ಜಾರಿ ಗೆರೆ ದಾಟಿ ಆಚೆ ಹೋಯಿತು. ಕಾರ್ನರ್ ಅಂತ ನಮ್ಮವರು ನಿಂತರು. ಕತಾರಿನ ಇನ್ನೊಬ್ಬ ಅದನ್ನು ಕಾಲಿನಿಂದ ಒಳಕ್ಕೆ ಎಳೆದ, ಐಮನ್ ಗೋಲಿಗೆ ತಳ್ಳಿದ. ದಕ್ಷಿಣ ಕೊರಿಯಾದ ರೆಫ್ರಿ ಗೋಲು ಅಂದುಬಿಟ್ಟರು! ಟಿವಿ ಅದನ್ನೇ ಮತ್ತೆ ಮತ್ತೆ ತೋರಿಸಿತು. ಕುಂದಾಣದಲ್ಲಿ ಕೂತ ನಮಗೆ ಚೆಂಡು ಆಚೆ ಹೋದದ್ದು ಕಾಣುತ್ತಿದೆ, ಹತ್ತು ಮಾರು ದೂರದಲ್ಲಿದ್ದವರಿಗೆ ಕಾಣಲಿಲ್ಲ. 85ನೇ ನಿಮಿಷಕ್ಕೆ ಕತಾರ್ ಇನ್ನೊಂದು ಹೊಡೆಯಿತು. 2-1. ಭಾರತ ಮನೆಗೆ.

ಎಂಥಾ ವಿಪರ್ಯಾಸ ನೋಡಿ. ಇದೇ ಕತಾರ್ 2022ರಲ್ಲಿ ವಿಶ್ವಕಪ್ ನಡೆಸಿತು. ಆಫ್‌ಸೈಡ್ ನೋಡಲು ಆಟಗಾರನ ಮೈಯ ಒಂದೊಂದು ಅಂಗವನ್ನೂ ಅಳೆಯುವ ಕ್ಯಾಮೆರಾ, ಚೆಂಡಿನ ಹೊಟ್ಟೆಯೊಳಗೆ ಯಂತ್ರ, ಎಲ್ಲಾ ಇತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ನಡೆದ ಅರ್ಹತಾ ಪಂದ್ಯಕ್ಕೆ ಒಬ್ಬ ವಿಡಿಯೋ ರೆಫ್ರಿ ಇಲ್ಲ! ಆ ಸುತ್ತಿಗೆ ಆ ವ್ಯವಸ್ಥೆಯೇ ಇರಲಿಲ್ಲ. ಸಿರಿವಂತರ ಆಟಕ್ಕೆ ನೂರು ಕಣ್ಣು, ಬಡವರ ಆಟಕ್ಕೆ ಮೂರು ಸೀಟಿ. ನಮ್ಮ ಫೆಡರೇಶನ್ ಫೀಫಾಕ್ಕೆ ದೂರು ಬರೆಯಿತು. ಫಲಿತಾಂಶ ಬದಲಾಗಲಿಲ್ಲ.

ಅವತ್ತು ರಾತ್ರಿ ಹನ್ನೆರಡೂವರೆವರೆಗೆ ಪ್ರೆಸ್ಸಿನಲ್ಲಿ ಜಗಳ. ‘ವಿಎಆರ್ ಇದ್ದಿದ್ರೆ ನಾವು ಮೂರನೇ ಸುತ್ತಲ್ಲಿ ಇರ್ತಿದ್ವಿ’ ಅಂತ ಕಾರ್ಗೋ ಹುಡುಗ. ‘ಅದು ಬಂದರೆ ಆಟವೇ ಸಾಯುತ್ತೆ, ಗೋಲು ಹೊಡೆದು ಮೂರು ನಿಮಿಷ ಕಾದು ಆಮೇಲೆ ಕುಣೀಬೇಕು, ಕಂಕುಳು ಮುಂದಿತ್ತು ಅಂತ ಗೋಲು ಕಿತ್ಕೋತಾರೆ’ ಅಂತ ಕಾಲೇಜು ಹುಡುಗ. ಇಬ್ಬರೂ ಕೊನೆಗೆ ನನ್ನ ಮುಖ ನೋಡಿದರು. ನನಗೆ ಅವತ್ತು ಹೇಳಲು ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ.

ಮೊದಲು ಲೆಕ್ಕ. ಆ ಗೋಲು ತಪ್ಪು, ನೂರಕ್ಕೆ ನೂರು ತಪ್ಪು. ಅದನ್ನು ಹೊಡೆದು ಹಾಕಿ ನೋಡಿ. 85ನೇ ನಿಮಿಷದ್ದು ಸರಿಯಾದ ಗೋಲೇ, ಆಗ 1-1. ನಮಗೆ 6 ಪಾಯಿಂಟ್. ಅದೇ ರಾತ್ರಿ ಕುವೈತ್ ಅಫ್ಘಾನಿಸ್ತಾನವನ್ನು 1-0 ಸೋಲಿಸಿ 7ಕ್ಕೆ ಹೋಗಿತ್ತು. ಆಗಲೂ ನಾವು ಹೊರಗೇ! ‘ಗೋಲು ಕೊಡದಿದ್ದರೆ ಆಟದ ಗತಿಯೇ ಬೇರೆ ಇರುತ್ತಿತ್ತು’ ಅಂತೀರಿ. ಒಪ್ಪಿದೆ, ಇರುತ್ತಿತ್ತೇನೋ. ಆದರೆ ಆ ರಾತ್ರಿಗೆ ಬರುವ ಮೊದಲೇ ನಾವು ಏನು ಮಾಡಿಕೊಂಡಿದ್ದೆವು? 2024ರ ಮಾರ್ಚಿನಲ್ಲಿ ಅಫ್ಘಾನಿಸ್ತಾನದ ಮೇಲೆ ಎರಡು ಆಟ. ಒಂದು 0-0. ಇನ್ನೊಂದು ನಮ್ಮದೇ ಗುವಾಹಟಿಯಲ್ಲಿ, ಸುನಿಲ್ ಛೆಟ್ರಿಯ 150ನೇ ಪಂದ್ಯದಲ್ಲಿ, 1-2 ಸೋಲು. ಜೂನ್ 6ಕ್ಕೆ ಕೋಲ್ಕತ್ತಾದಲ್ಲಿ ಛೆಟ್ರಿಯ ವಿದಾಯದ ಆಟ, ಕುವೈತ್ ಮೇಲೆ 0-0. ಈ ಮೂರರ ಪೈಕಿ ಕೊನೆಯ ಎರಡರಲ್ಲಿ ಒಂದು ಗೆದ್ದಿದ್ದರೂ ಕೊರಿಯಾದ ರೆಫ್ರಿಯ ಕಣ್ಣನ್ನು ನಂಬಿ ಕೂರುವ ಗತಿ ಇರಲಿಲ್ಲ.

ಇನ್ನೂ ಇದೆ. 2024ರ ಜನವರಿಯಲ್ಲಿ, ಅದೇ ಕತಾರಿನಲ್ಲಿ ಏಷ್ಯನ್ ಕಪ್. ಅಲ್ಲಿ ಪ್ರತಿ ಪಂದ್ಯಕ್ಕೂ ವಿಡಿಯೋ ರೆಫ್ರಿ ಇದ್ದರು. ಆಸ್ಟ್ರೇಲಿಯಾ ಮೇಲೆ 0-2, ಉಜ್ಬೇಕಿಸ್ತಾನದ ಮೇಲೆ 0-3, ಸಿರಿಯಾ ಮೇಲೆ 0-1. ಮೂರು ಆಟ, ತಿಂದದ್ದು ಆರು, ಹೊಡೆದದ್ದು ಸೊನ್ನೆ. ಕ್ಯಾಮೆರಾ ಅಷ್ಟೊಂದು ಕಣ್ಣು ಬಿಟ್ಟು ನೋಡಿತು, ನಮ್ಮ ಗೋಲು ಮಾತ್ರ ಕಾಣಲಿಲ್ಲ.

ನನ್ನ ಕಸುಬಿನ ಮಾತಿನಲ್ಲಿ ಹೇಳುತ್ತೇನೆ ಕೇಳಿ. ವಿಎಆರ್ ಎಂದರೆ ಪ್ರೂಫ್ ನೋಡುವವನು. ಅಚ್ಚಿಗೆ ಹೋಗುವ ಮೊದಲು ಒತ್ತಕ್ಷರ ಬಿಟ್ಟಿದೆ, ತಾರೀಕು ತಪ್ಪಿದೆ ಅಂತ ಹಿಡಿಯುತ್ತಾನೆ. ಕವಿತೆ ಕೆಟ್ಟದಾಗಿದ್ದರೆ ಅವನೇನು ಮಾಡಿಯಾನು? ಹಾಗಂತ ಪ್ರೂಫ್ ಬೇಡವೇ? ಒಂದು ಸಲ ಪ್ರೂಫ್ ನೋಡದೆ ಮದುವೆ ಪತ್ರಿಕೆಯಲ್ಲಿ ಧಾರೆಯ ದಿನವನ್ನೇ ತಪ್ಪು ಹಾಕಿ, ಐನೂರು ಕಾರ್ಡನ್ನು ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿದವನು ನಾನು. ಬೇಡ ಅಂತ ನಾನಂತೂ ಹೇಳಲಾರೆ. 2024ರಲ್ಲಿ ಪ್ರೂಫಿನವನಿಗೂ ಮಿತಿ ಹಾಕಿದ್ದರು: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡು ಕೊಟ್ಟದ್ದು, ಈ ನಾಲ್ಕೇ. ಅದೂ ಎದ್ದು ಕಾಣುವ ತಪ್ಪಿದ್ದರೆ ಮಾತ್ರ. ದೋಹಾದ ಗೋಲು ಅಂಥದ್ದೇ, ಅರ್ಧ ನಿಮಿಷದಲ್ಲಿ ಸರಿಹೋಗುತ್ತಿತ್ತು.

ಈಗ ನಮ್ಮ ಕಂಠೀರವಕ್ಕೆ ಬನ್ನಿ. ಮೋಸ ಮೋಸ ಅಂತ ದೋಹಾದ ಕಡೆ ಬೊಟ್ಟು ಮಾಡಿದ ನಾವು 2023ರ ಮಾರ್ಚ್ 3ರ ರಾತ್ರಿ ಏನಂದಿದ್ದೆವು? ಐಎಸ್‌ಎಲ್ ನಾಕೌಟ್, ಬೆಂಗಳೂರು ಎಫ್‌ಸಿ ಮೇಲೆ ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಆಟದಲ್ಲಿ ಫ್ರೀ ಕಿಕ್. ಕೇರಳದವರು ಗೋಡೆ ಕಟ್ಟಿಕೊಳ್ಳುವಷ್ಟರಲ್ಲಿ ಛೆಟ್ರಿ ಚೆಂಡನ್ನು ಗೋಲಿಗೆ ಹಾಕಿಯಾಗಿತ್ತು. ರೆಫ್ರಿ ಗೋಲು ಅಂದರು, ಕೇರಳದ ಕೋಚ್ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು. ಆಮೇಲೆ ಫೆಡರೇಶನ್ ಅವರ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯದ ನಿಷೇಧ ಹಾಕಿತು. ಅವತ್ತು ನಮ್ಮ ಹುಡುಗರೆಲ್ಲ ಹೇಳಿದ್ದು ಒಂದೇ ಮಾತು: ರೆಫ್ರಿ ಹೇಳಿದ ಮೇಲೆ ಮುಗೀತು!

ಹದಿನೈದೇ ದಿನ. ಮಾರ್ಚ್ 18ಕ್ಕೆ ಗೋವಾದಲ್ಲಿ ಫೈನಲ್. ಮೋಹನ್ ಬಾಗಾನ್ ಮೇಲೆ 2-2, ಪೆನಾಲ್ಟಿ ಶೂಟೌಟಿನಲ್ಲಿ ಬೆಂಗಳೂರಿಗೆ ಸೋಲು. ರೆಫ್ರಿಯ ತೀರ್ಪಿನ ಮೇಲೆ ರಾದ್ಧಾಂತ. ವಿಎಆರ್ ಬೇಕೇ ಬೇಕು ಅಂತ ಬೆಂಗಳೂರಿನ ಮಾಲೀಕರೇ ಬಹಿರಂಗವಾಗಿ ಕೇಳಿದರು. ಎಲ್ಲಿ ಹೋಯಿತು ಸ್ವಾಮಿ, ರೆಫ್ರಿ ಹೇಳಿದ ಮೇಲೆ ಮುಗೀತು? ನಮ್ಮ ಕಡೆ ಬಂದ ತಪ್ಪು ಅದೃಷ್ಟ, ಎದುರಿನವರ ಕಡೆ ಹೋದದ್ದು ಮೋಸ! ಬೇಡಿಕೆ ಸರಿಯಾದದ್ದೇ. 2014ರಲ್ಲಿ ಶುರುವಾದ ಐಎಸ್‌ಎಲ್ ಹತ್ತು ಸೀಸನ್ ಮುಗಿಸಿದರೂ ವಿಡಿಯೋ ರೆಫ್ರಿ ಇರಲಿಲ್ಲ. ಸೋತ ದಿನ ಮಾತ್ರ ನೆನಪಾಗುವ ಬೇಡಿಕೆಯನ್ನು ಯಾರು ಕೇಳುತ್ತಾರೆ?

ಆ ಮಾರ್ಚ್ 3ರ ಮಾರನೇ ದಿನ ಏನಾಯಿತು ಗೊತ್ತೇ ಗೆಳೆಯರೇ? ಎದೆ ಮುಟ್ಟಿಕೊಂಡು ಹೇಳಿ. ಸೌದಿಯ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕರ್ನಾಟಕ ಗೆದ್ದಿತು! ನಾಲ್ಕು ಸಲ ಹಿಂದೆ ಗೆದ್ದದ್ದು ‘ಮೈಸೂರು’ ಅನ್ನುವ ಹೆಸರಿನಲ್ಲಿ, ಕಡೆಯದು 1968-69ರಲ್ಲಿ. ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಆ ಹೆಸರಿನಲ್ಲಿ ಬಂದ ಮೊದಲ ಸಂತೋಷ್ ಟ್ರೋಫಿ ಅದು. ಐದು ದಶಕ ಕಾದದ್ದು! ದೇಶದ ಒಳಗಿನ ಪಂದ್ಯಾವಳಿಯೊಂದಕ್ಕೆ ಮೊದಲ ಬಾರಿಗೆ ವಿಡಿಯೋ ರೆಫ್ರಿ ಕೂತದ್ದೂ ರಿಯಾದ್‌ನ ಆ ಪಂದ್ಯಗಳಿಗೇ. ಅಂದರೆ ನಾವು ಕಂಠೀರವದ ಗೋಲು ಸರಿಯೋ ತಪ್ಪೋ ಅಂತ ಕೂಗಾಡುತ್ತಿದ್ದಾಗ, ನಮ್ಮದೇ ರಾಜ್ಯದ ಹುಡುಗರು ಕ್ಯಾಮೆರಾದ ಎದುರೇ ಆಡಿ ಕಪ್ ಎತ್ತಿದ್ದರು. ನನ್ನ ಪ್ರೆಸ್ಸಿನಲ್ಲಿ ಕೂರುವ ಹುಡುಗರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಅಭಿನಂದನೆಯ ಒಂದು ಬ್ಯಾನರು, ಒಂದು ಕರಪತ್ರ ಅಚ್ಚಿಗೆ ಬರಲಿಲ್ಲ. ಪುಢಾರಿಗಳ ಹುಟ್ಟುಹಬ್ಬಕ್ಕೆ ಬರುತ್ತವೆ, ಲೆಕ್ಕವಿಲ್ಲದಷ್ಟು. ನನಗೂ ಗೊತ್ತಾದದ್ದು ನಾಲ್ಕು ದಿನ ಕಳೆದ ಮೇಲೆ, ರದ್ದಿ ಕಟ್ಟುವಾಗ.

ಹೌದು, ಬೈಯಲು ಹೊರಟವನು ನನ್ನನ್ನೂ ಸೇರಿಸಿಕೊಳ್ಳಬೇಕು. ಇದಕ್ಕಿಂತ ದೊಡ್ಡದೊಂದು ಇದೆ.

2022ರ ರಾಜ್ಯೋತ್ಸವಕ್ಕೆ ನಮ್ಮ ಕಡೆಯ ಹುಡುಗರು ಏಳು ಜನರ ಫುಟ್‌ಬಾಲ್ ಪಂದ್ಯ ಇಟ್ಟರು. ಕರಪತ್ರ ನನ್ನದೇ, ಕೆಳಗೆ ಅದೇ ಸಾಲು. ಎರಡು ಕಂಬ, ಮೇಲೊಂದು ಬೊಂಬು, ಬಲೆ ಇಲ್ಲ. ಪಕ್ಕದೂರಿನ ಡಿಗ್ರಿ ಹುಡುಗನೊಬ್ಬ ರೆಫ್ರಿ, ಕೊಟ್ಟದ್ದು ಊಟ ಮತ್ತು ಮುನ್ನೂರು ರೂಪಾಯಿ. ಫೈನಲ್‌ನಲ್ಲಿ ನಮ್ಮೂರ ಹುಡುಗ ಹೊಡೆದ ಚೆಂಡು ಕಂಬದ ಪಕ್ಕ ಹಾದು ಹೋಯಿತು. ಒಳಗೋ ಹೊರಗೋ? ಹೊರಗೆ ಅಂದ ರೆಫ್ರಿ. ಗಲಾಟೆ ಎದ್ದಿತು. ಗುಂಪಿನ ನಡುವಿನಿಂದ ‘ಎಷ್ಟು ತಗೊಂಡೆಯೋ?’ ಅಂತ ಕೂಗಿದ ದನಿ ನನ್ನದು. ಶೀಲ್ಡ್ ಕೊಡಿಸಿದವನು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತವನು. ಹುಡುಗ ನನ್ನ ಕಡೆ ಒಂದು ಸಲ ನೋಡಿ, ಸೀಟಿ ಊದಿ ಆಟ ಮುಂದುವರಿಸಿದ. ಯಾರೋ ಅವನ ಅಂಗಿ ಹಿಡಿದು ಎಳೆದರು. ಗುಂಡಿ ಕಿತ್ತು ಬಂತು.

ಮೂರನೇ ದಿನ ಮೊಬೈಲಿಗೆ ವಿಡಿಯೋ ಬಂತು. ಗೋಲಿನ ಹಿಂದೆ ನಿಂತು ಯಾರೋ ತೆಗೆದದ್ದು. ಚೆಂಡು ಕಂಬದ ಹೊರಗೆ, ಒಂದು ಗೇಣು ಹೊರಗೆ. ಹುಡುಗರು ನೋಡಿ ನಕ್ಕರು. ನಾನೂ ನಕ್ಕೆ. ಅವನ ಮನೆಗೆ ಯಾರೂ ಹೋಗಲಿಲ್ಲ. ಮುಂದಿನ ವರ್ಷ ಕರೆದಾಗ ಅವನು ಬರಲಿಲ್ಲ.

ದೋಹಾದ ರಾತ್ರಿ ನನಗೆ ಬಾಯಿ ಬಾರದಿದ್ದದ್ದು ಇದಕ್ಕೇ. ವಿಡಿಯೋ ಬೇಕು ಅಂತ ಫೆಡರೇಶನ್ನಿಗೆ ಕೇಳೋಣ, ಗಟ್ಟಿಯಾಗಿ ಕೇಳೋಣ, ಗೆದ್ದ ದಿನವೂ ಕೇಳೋಣ. ದುಡ್ಡಿಲ್ಲ ಅನ್ನುವ ನೆಪಕ್ಕೂ ಉತ್ತರವಿದೆ. 2024ರಲ್ಲಿ ಫೀಫಾ ಕೊಲಂಬಿಯಾದ 20 ವರ್ಷದೊಳಗಿನ ಹೆಣ್ಣುಮಕ್ಕಳ ವಿಶ್ವಕಪ್‌ನಲ್ಲಿ ಕಡಿಮೆ ಖರ್ಚಿನ ಪದ್ಧತಿಯನ್ನು ಪರೀಕ್ಷಿಸಿತು. ಅದರಲ್ಲಿ ಪ್ರತ್ಯೇಕ ವಿಡಿಯೋ ರೆಫ್ರಿಗಳೇ ಇಲ್ಲ. ಕೋಚ್ ಆಟಕ್ಕೆ ಎರಡು ಸಲ ಮರುನೋಟ ಕೇಳಬಹುದು, ಮೈದಾನದ ರೆಫ್ರಿಯೇ ಪರದೆ ನೋಡಿ ಹೇಳುತ್ತಾರೆ. ನಮ್ಮ ರಾಜ್ಯದ ಲೀಗಿಗೆ ಇದನ್ನು ಯಾಕೆ ಕೇಳಬಾರದು? ಅದಕ್ಕೂ ಮುಂಚೆ ನಮ್ಮ ಹುಡುಗರ ಕೈಗೆ ಫುಟ್‌ಬಾಲ್ ನಿಯಮಗಳ ಒಂದು ಸಣ್ಣ ಕನ್ನಡ ಪುಸ್ತಕ ಬೇಕು. ಇಪ್ಪತ್ತೈದು ವರ್ಷದಲ್ಲಿ ಜಾತಕದ ಪುಸ್ತಕ ಅಚ್ಚು ಹಾಕಿದ್ದೇನೆ, ಅಡುಗೆಯದು ಹಾಕಿದ್ದೇನೆ, ಭಜನೆಯದು ಹಾಕಿದ್ದೇನೆ. ಚೆಂಡು ಎಷ್ಟು ಗೆರೆ ದಾಟಿದರೆ ಗೋಲು ಅಂತ ಕನ್ನಡದಲ್ಲಿ ಬರೆದುಕೊಂಡು ಯಾರೂ ಬಂದಿಲ್ಲ. (ಪೂರ್ತಿ ದಾಟಬೇಕು. ಗೆರೆಯ ಮೇಲಿದ್ದರೆ ಇಲ್ಲ.) ಯಾರಾದರೂ ಬರೆದು ತನ್ನಿ, ಕಾಗದದ ದುಡ್ಡು ಮಾತ್ರ ಕೊಡಿ, ಅಚ್ಚಿನ ಕೂಲಿ ಬೇಡ.

ಮತ್ತೆ ಬಲೆ. ಗೋಲಿಗೆ ಬಲೆ ಕಟ್ಟುವ ಉಪಾಯ 1890ರ ಆಸುಪಾಸಿನಲ್ಲಿ ಲಿವರ್‌ಪೂಲಿನ ಜಾನ್ ಬ್ರೋಡಿ ಎಂಬ ಇಂಜಿನಿಯರ್‌ಗೆ ಹೊಳೆಯಿತು. ಒಳಗೋ ಹೊರಗೋ ಎಂಬ ಇಂಥದ್ದೇ ಜಗಳ ನೋಡಿ ಬೇಸತ್ತು. ನೂರಮೂವತ್ತು ವರ್ಷದ ಹಿಂದಿನ ವಿಎಆರ್! ಅದೇ ನಮ್ಮ ಮೈದಾನಕ್ಕೆ ಬಂದಿಲ್ಲ.

ಈ ಸಲದ ಪಂದ್ಯದ ಕರಪತ್ರ ಬರೆಸಲು ಹುಡುಗರು ಬಂದಿದ್ದರು. “ಪ್ರೆಸ್ಸಣ್ಣ, ಆ ಕೊನೇ ಸಾಲು ತೆಗೆದುಬಿಡೋಣ್ವಾ? ಈಗೆಲ್ಲ ಮೊಬೈಲ್ ಇದೆಯಲ್ಲ” ಅಂದ ಒಬ್ಬ. ಬೇಡ, ಇರಲಿ ಅಂದೆ. ಎರಡು ಬಲೆಗೆ ದುಡ್ಡು ಕೊಟ್ಟೆ. ಪ್ರೂಫ್ ಮಡಚಿ ಜೇಬಿಗೆ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಪಕ್ಕದೂರಿಗೆ ಹೋದೆ. ಹುಡುಗ ಮನೆಯಲ್ಲೇ ಇದ್ದ. ನಾನು ಕೂಗಿದ್ದನ್ನು ನಾನೇ ಹೇಳಿದೆ. ಅವನು ಕರಪತ್ರ ಪೂರ್ತಿ ಓದಿದ, ಕೊನೇ ಸಾಲಿನ ಹತ್ತಿರ ಬಂದಾಗ ಸ್ವಲ್ಪ ನಕ್ಕ. ಬರುತ್ತೇನೆ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. “ಲೈನ್ ನೋಡೋಕೆ ಇಬ್ಬರನ್ನ ಕೊಡ್ತೀರಾ ಅಣ್ಣ?” ಅಂತ ಕೇಳಿದ.