ನಡಿಗೆಗೂ ಪ್ರಮಾಣ ಬೇಕು

“ದಿನವೂ ಸ್ವಲ್ಪ ನಡೆಯಿರಿ” ಎಂಬುದು ವೈದ್ಯರು ಹೇಳುವ ಮಾತುಗಳಲ್ಲೆಲ್ಲ ಅತಿ ಸುಲಭವಾಗಿ ಕಾಣುವ ಮಾತು. ಅದಕ್ಕೆ ಹಣ ಬೇಡ, ಉಪಕರಣ ಬೇಡ, ಔಷಧದ ಅಂಗಡಿಗೆ ಹೋಗುವ ತೊಂದರೆಯೂ ಇಲ್ಲ. ಆದರೆ ಮೈಯೆಲ್ಲ ನೋಯುತ್ತಿರುವವರ ಪಾಲಿಗೆ ಇದಕ್ಕಿಂತ ಕಷ್ಟವಾದ ಮಾತು ಇನ್ನೊಂದಿಲ್ಲ. ಮಾತ್ರೆಯನ್ನು ಕೊಡುವಾಗ ಎಷ್ಟು, ಯಾವ ಹೊತ್ತಿಗೆ, ಎಷ್ಟು ದಿನ ಎಂಬುದನ್ನು ಬರೆದೇ ಕೊಡುವರು. ನಡಿಗೆಯ ವಿಷಯದಲ್ಲಿ ಮಾತ್ರ “ಸ್ವಲ್ಪ” ಎಂದು ಬಿಟ್ಟುಬಿಡುವರು. ಫೈಬ್ರೋಮಯಾಲ್ಜಿಯ ಎಂಬ ವ್ಯಾಧಿಯುಳ್ಳವರಿಗೆ ಈ “ಸ್ವಲ್ಪ” ಸಾಲದು. ಅವರ ನಡಿಗೆಗೆ ಅಳತೆ ಬೇಕು, ಗೊತ್ತಾದ ಹೊತ್ತು ಬೇಕು, ಮನೆಯವರ ಸಮ್ಮತಿಯೂ ಬೇಕು ಎಂಬುದು ನಮ್ಮ ಅಭಿಪ್ರಾಯ.

ವ್ಯಾಧಿಯ ಹೆಸರು ಉದ್ದವಾದರೂ ಅರ್ಥ ಸರಳವಾದುದು. ನಾರು ಎಂಬ ಅರ್ಥದ ಲ್ಯಾಟಿನ್ ಪದಕ್ಕೆ, ಸ್ನಾಯು ಮತ್ತು ನೋವು ಎಂಬ ಅರ್ಥಗಳುಳ್ಳ ಎರಡು ಗ್ರೀಕ್ ಪದಗಳನ್ನು ಸೇರಿಸಿ ಅದನ್ನು ಕಟ್ಟಿದ್ದಾರೆ. 1904ರಲ್ಲಿ ವಿಲಿಯಂ ಗವರ್ಸ್ ಎಂಬ ಆಂಗ್ಲ ವೈದ್ಯರು ಇಂಥ ನೋವಿಗೆ “ಫೈಬ್ರೋಸೈಟಿಸ್”, ಎಂದರೆ ನಾರಿನ ಉರಿಯೂತ, ಎಂದು ಹೆಸರಿಟ್ಟಿದ್ದರು. ಮುಂದೆ ಪರೀಕ್ಷಿಸಿ ನೋಡಿದಾಗ ಅಲ್ಲಿ ಉರಿಯೂತವೇ ಕಾಣಲಿಲ್ಲ. ಆದುದರಿಂದ 1970ರ ದಶಕದಲ್ಲಿ ಈಗಿನ ಹೆಸರು ಬಳಕೆಗೆ ಬಂದಿತು. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯು 1990ರಲ್ಲಿ ದೇಹದ 18 ಸ್ಥಾನಗಳನ್ನು ಗುರುತಿಸಿ, ಮೈಯಲ್ಲಿ ವ್ಯಾಪಕವಾಗಿ ಹರಡಿದ ನೋವಿನೊಡನೆ, ಒತ್ತಿದಾಗ ಇವುಗಳಲ್ಲಿ 11 ಆದರೂ ನೋಯಬೇಕೆಂದು ಲಕ್ಷಣ ಹೇಳಿತು. 2010ರಲ್ಲಿ ಈ ಒತ್ತುವ ಪರೀಕ್ಷೆಯನ್ನು ಬಿಟ್ಟು, ನೋವಿರುವ ಭಾಗಗಳ ಸಂಖ್ಯೆಯೊಡನೆ ದಣಿವು, ನಿದ್ರಿಸಿ ಎದ್ದರೂ ಹೋಗದ ಆಯಾಸ, ಬುದ್ಧಿಗೆ ಕವಿಯುವ ಮಂಕು ಇವುಗಳನ್ನೂ ಗಣನೆಗೆ ತೆಗೆದುಕೊಂಡಿತು. ಈ ವ್ಯಾಧಿಯು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಗುರುತಾಗಿದೆ.

ಗಾಯವಿಲ್ಲದೆ, ಊತವಿಲ್ಲದೆ ನೋವು ಎಲ್ಲಿಂದ ಬಂದಿತು ಎಂದು ವಾಚಕರು ಕೇಳಬಹುದು. ನೋವು ಎಂಬುದು ಸ್ನಾಯುವಿನಲ್ಲಿಯೇ ಸಿದ್ಧವಾಗಿ ಬರುವ ಪದಾರ್ಥವಲ್ಲ. ದೇಹದ ನಾನಾ ಭಾಗಗಳಿಂದ ಬರುವ ಸೂಚನೆಗಳನ್ನು ಬೆನ್ನುಹುರಿಯೂ ಮಿದುಳೂ ಸೋಸಿ, ಕೆಲವನ್ನು ತಗ್ಗಿಸಿ, ಕೆಲವನ್ನು ಹೆಚ್ಚಿಸಿ ಅನುಭವಕ್ಕೆ ತರುತ್ತವೆ. ಫೈಬ್ರೋಮಯಾಲ್ಜಿಯದಲ್ಲಿ ತಗ್ಗಿಸುವ ಶಕ್ತಿ ಕುಂದಿ, ಹೆಚ್ಚಿಸುವ ಶಕ್ತಿ ಮೇಲುಗೈ ಪಡೆದಿರುತ್ತದೆ ಎಂದು ತಜ್ಞರು ತಿಳಿಯುತ್ತಾರೆ. ಧ್ವನಿವರ್ಧಕದ ತಿರುಪನ್ನು ಪೂರ್ತಿ ತಿರುಗಿಸಿಟ್ಟರೆ ಪಿಸುಮಾತೂ ಕೂಗಿನಂತೆ ಕೇಳುವುದಷ್ಟೆ? ಹಾಗೆಯೇ ಇಲ್ಲಿ ಮೈಮೇಲಿನ ಸಣ್ಣ ಒತ್ತಡವೂ ನೋವಾಗುತ್ತದೆ. ರಕ್ತಪರೀಕ್ಷೆಯಾಗಲಿ ಕ್ಷಕಿರಣ ಚಿತ್ರವಾಗಲಿ ಇದನ್ನು ತೋರಿಸಲಾರದು. “ಎಲ್ಲ ಸರಿಯಾಗಿದೆ” ಎಂಬ ವರದಿ ಬಂದ ಮಾತ್ರಕ್ಕೆ ನೋವು ಸುಳ್ಳೆಂದು ತೀರ್ಮಾನಿಸುವುದು ತರ್ಕವಲ್ಲ.

2016ರಲ್ಲಿ ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟವು ಈ ವ್ಯಾಧಿಯ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಪ್ರಬಲವಾಗಿ ಶಿಫಾರಸು ಮಾಡಿದುದು ವ್ಯಾಯಾಮವೊಂದನ್ನೇ. ಔಷಧಗಳಿಗೂ ಸ್ಥಾನವುಂಟು, ಆದರೆ ಅವು ಎಲ್ಲರಿಗೂ ಒದಗುವುದಿಲ್ಲ. ವ್ಯಾಯಾಮದ ಫಲವೂ ಪವಾಡವೇನಲ್ಲ. ಅದು ಸಾಧಾರಣವಾದುದು, ವಾರಗಳು ಕಳೆದ ಮೇಲೆ ಮೆಲ್ಲಗೆ ಕಾಣುವಂಥದು. ಮೊದಮೊದಲು ನೋವು ಕೊಂಚ ಏರುವುದೂ ಉಂಟು. ಇದನ್ನು ಮುಂಚಿತವಾಗಿ ತಿಳಿಸದಿರುವುದರಿಂದಲೇ ಅನೇಕರು ಮೊದಲ ವಾರದಲ್ಲಿಯೇ ಕೈಬಿಡುತ್ತಾರೆ.

ಕೈಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ನೋವು ಕಡಮೆಯಿದ್ದ ದಿನ, ಹಿಂದಿನ ಬಾಕಿಯನ್ನೆಲ್ಲ ತೀರಿಸುವವರಂತೆ ಒಂದು ಗಂಟೆ ನಡೆಯುವುದು. ಅದರ ಫಲವಾಗಿ ಮೂರು ದಿನ ಹಾಸಿಗೆ ಹಿಡಿಯುವುದು. ಆಮೇಲೆ ನಡಿಗೆಯೆಂದರೆ ಭಯ. ಇಲ್ಲಿ ನಡಿಗೆಯನ್ನು ಅಳೆಯುವುದು ಅಂದಿನ ಉತ್ಸಾಹ, ಇಲ್ಲವೆ ಅಂದಿನ ನೋವು. ಇವೆರಡೂ ನಂಬತಕ್ಕ ಅಳತೆಗೋಲುಗಳಲ್ಲ. ನಂಬತಕ್ಕುದು ಗಡಿಯಾರ ಮಾತ್ರ. ಮರುದಿನ ನೋವು ಹೆಚ್ಚಾಗದಂತೆ ಎಷ್ಟು ನಿಮಿಷ ನಡೆಯಬಹುದೆಂಬುದನ್ನು ಕೆಲವು ದಿನ ಪರೀಕ್ಷಿಸಿ ತಿಳಿಯಬೇಕು. ಅದು 8 ನಿಮಿಷವೆಂದು ಕಂಡುಬಂದರೆ 6 ನಿಮಿಷದಿಂದ ಪ್ರಾರಂಭಿಸತಕ್ಕದ್ದು. ಒಳ್ಳೆಯ ದಿನವೂ 6, ಕೆಟ್ಟ ದಿನವೂ 6. ಎರಡು ವಾರ ಹೀಗೆ ನಿಂತರೆ ಒಂದು ನಿಮಿಷ ಕೂಡಿಸುವುದು. ಈ ಲೆಕ್ಕದಲ್ಲಿ 20 ನಿಮಿಷ ಮುಟ್ಟಲು 28 ವಾರ, ಎಂದರೆ ಸುಮಾರು ಆರೂವರೆ ತಿಂಗಳು ಬೇಕು. ನೋವು ಉಲ್ಬಣಿಸಿದ ದಿನಗಳಲ್ಲಿ ಅರ್ಧಕ್ಕೆ ಇಳಿಸಬಹುದು. ಸಾಧ್ಯವಾದಷ್ಟು ಮಟ್ಟಿಗೆ ಸೊನ್ನೆಗೆ ಇಳಿಸಬಾರದು. ಇಷ್ಟು ನಿಧಾನವೇ ಎಂದು ಅಸಹನೆಪಡುವವರು, ಆರು ತಿಂಗಳ ಹಿಂದೆ ತಾವೆಲ್ಲಿದ್ದೆವೆಂಬುದನ್ನು ನೆನೆದುಕೊಳ್ಳಲಿ.

ಇಂಥ ಸಲಹೆಗಳು ಸಾಮಾನ್ಯವಾಗಿ ಉದ್ಯಾನಗಳುಳ್ಳ ನಗರವಾಸಿಗಳನ್ನು ಉದ್ದೇಶಿಸಿ ಹುಟ್ಟುತ್ತವೆ. ಅವನ್ನು ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ತಂದು ನೋಡೋಣ. ಹುಣಸೂರು, ಪಿರಿಯಾಪಟ್ಟಣಗಳ ಸೀಮೆ ಹೊಗೆಸೊಪ್ಪಿಗೆ ಹೆಸರಾದುದು. ಎಲೆ ಮುರಿಯುವ ಕಾಲ ಬಂದಿತೆಂದರೆ ಹೆಂಗಸರು ದಿನವೆಲ್ಲ ಕುಳಿತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಬೆನ್ನು ಬಗ್ಗಿಸಿ ನಾಟಿ ಹಾಕುತ್ತಾರೆ. ಇಂಥವರಲ್ಲೊಬ್ಬಳಿಗೆ ಈ ವ್ಯಾಧಿಯಿದ್ದು, ನಡೆಯೆಂದು ಹೇಳಿದರೆ, “ಹಗಲೆಲ್ಲ ದುಡಿಯುವವಳಿಗೆ ಮತ್ತೆ ನಡಿಗೆ ಏಕೆ?” ಎಂದು ಮನೆಯವರು ಆಕ್ಷೇಪಿಸುವುದು ಸಹಜ. ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಹೊಲದ ದುಡಿಮೆಯ ಪ್ರಮಾಣವನ್ನು ಗೊತ್ತುಮಾಡುವುದು ಬೆಳೆ, ಮಳೆ, ಕೂಲಿ, ಆಕೆಯಲ್ಲ. ಬೇಕೆಂದಾಗ ನಿಲ್ಲಿಸಲು ಬಾರದ ಶ್ರಮವು ನೋವನ್ನು ಕೆರಳಿಸಬಹುದು. ತಾನೇ ಅಳೆದು, ತಾನೇ ನಿಲ್ಲಿಸಬಲ್ಲ ಶ್ರಮವು ಮೈಯನ್ನು ಪಳಗಿಸುತ್ತದೆ. ದುಡಿಮೆಯ ಮೇಲೆ ನಡಿಗೆಯನ್ನು ಹೇರುವುದಲ್ಲ, ದುಡಿಮೆಯಿಂದ ಕೊಂಚ ಬಿಡಿಸಿ ನಡಿಗೆಗೆ ಕೊಡುವುದು ಇಲ್ಲಿಯ ಕ್ರಮ. ಸುಗ್ಗಿಯ ವಾರಗಳಲ್ಲಿ ನಿಮಿಷಗಳನ್ನು ಏರಿಸುವುದು ಬೇಡ.

ಹೆಗ್ಗಡದೇವನಕೋಟೆ, ಸರಗೂರುಗಳ ಕಡೆಗೆ ಹೋದರೆ ತೊಡಕು ಬೇರೆಯಾಗುತ್ತದೆ. 1971ರವರೆಗೆ ಆನೆಗಳ ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ಕಾಡು ಇಂದು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಭಾಗ. 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸರಗೂರಿನ ಕಾಡಂಚಿನಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದರು. ಇಂಥ ಕಡೆ “ಬೆಳಗಿನ ಜಾವದ ತಂಗಾಳಿಯಲ್ಲಿ ನಡೆಯಿರಿ” ಎಂದು ಉಪದೇಶಿಸುವುದು ವಿವೇಕವಲ್ಲ. ಅದರ ಅಗತ್ಯವೂ ಇಲ್ಲ. ನಡಿಗೆಯ ಗುಣ ಬೆಳಗಿನ ಜಾವದಲ್ಲಿಲ್ಲ, ಕ್ರಮದಲ್ಲಿದೆ. ಈ ವ್ಯಾಧಿಯುಳ್ಳವರ ಮೈ ಬೆಳಿಗ್ಗೆ ಬಿಗಿದುಕೊಂಡಿರುವುದರಿಂದ, ಬಿಸಿಲೇರಿ ಜನಸಂಚಾರ ಪ್ರಾರಂಭವಾದ ಹೊತ್ತೇ ಅನೇಕರಿಗೆ ಮೇಲು. ಊರೊಳಗಿನ ಬೀದಿ, ದೇವಸ್ಥಾನದ ಸುತ್ತು, ಪಾಠ ಮುಗಿದ ಮೇಲೆ ಶಾಲೆಯ ಅಂಗಳ, ಮಳೆ ಹಿಡಿದಾಗ ಮನೆಯ ಜಗಲಿ, ಇವೆಲ್ಲವೂ ಆಗಬಹುದು. ಆರು ನಿಮಿಷದ ನಡಿಗೆಗೆ ಹೆದ್ದಾರಿಯೇನೂ ಬೇಕಾಗಿಲ್ಲ.

ಇಷ್ಟಾದರೂ ಅತಿ ದೊಡ್ಡ ಅಡ್ಡಿ ಉಳಿದೇ ಇದೆ. ಅದು ಹುಲಿಯಲ್ಲ, ಮಳೆಯಲ್ಲ, ಮನೆಯವರ ಸಂದೇಹ. ಹೊರಗೆ ಗಾಯ ಕಾಣದ ಸೊಸೆ ಕೆಲಸ ಬಿಟ್ಟು ಬೀದಿಯಲ್ಲಿ ನಡೆದರೆ “ಸೋಮಾರಿ” ಎಂಬ ಮಾತು ಬರುತ್ತದೆ. ನಿನ್ನೆ ನಡೆದವಳು ಇಂದು ಮಲಗಿದರೆ “ನಟನೆ” ಎಂಬ ಮಾತು ಬರುತ್ತದೆ. ಈ ಎರಡು ಮಾತುಗಳಿಗೆ ಅಂಜಿ ನಡಿಗೆಯನ್ನು ಬಿಟ್ಟವರು, ನೋವಿಗೆ ಅಂಜಿ ಬಿಟ್ಟವರಿಗಿಂತ ಕಡಮೆಯೆಂದು ನಾವು ಭಾವಿಸುವುದಿಲ್ಲ. ಆದುದರಿಂದ ವೈದ್ಯರು ನಡಿಗೆಯನ್ನು ಚೀಟಿಯಲ್ಲಿಯೇ ಬರೆಯಬೇಕು: ಇಷ್ಟು ನಿಮಿಷ, ಈ ಹೊತ್ತು, ಇಷ್ಟು ವಾರಕ್ಕೊಮ್ಮೆ ಇಷ್ಟು ಹೆಚ್ಚಳ. ಬರೆದ ಮಾತಿಗೆ ಮನೆಯಲ್ಲಿ ಬೆಲೆಯುಂಟು. ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗೀಟೆಳೆದರೆ, ಅದು ಮನೆಯವರೆಲ್ಲರಿಗೂ ಕಾಣುವ ಲೆಕ್ಕವಾಗುತ್ತದೆ. ಗಂಡನಾಗಲಿ ಅತ್ತೆಯಾಗಲಿ ಆ ಹೊತ್ತಿನಲ್ಲಿ ಒಲೆಯ ಮುಂದಿನ ಕೆಲಸವನ್ನು ವಹಿಸಿಕೊಂಡರೆ, ಅದೂ ಚಿಕಿತ್ಸೆಯ ಒಂದು ಭಾಗವೇ.

ಒಂದು ಎಚ್ಚರಿಕೆಯ ಮಾತು. ಮೈನೋವೆಲ್ಲ ಫೈಬ್ರೋಮಯಾಲ್ಜಿಯವಲ್ಲ. ರಕ್ತಹೀನತೆ, ಥೈರಾಯಿಡ್ ಗ್ರಂಥಿಯ ಕುಂದು, ಡಿ ಜೀವಸತ್ವದ ಕೊರತೆ, ಚಿಕುನ್‌ಗುನ್ಯದ ಶೇಷ, ಕೀಲುಗಳ ಉರಿಯೂತ ಇವೂ ಮೈ ನೋಯಿಸಬಲ್ಲವು. ಮೊದಲು ಇವನ್ನು ವೈದ್ಯರು ಪರೀಕ್ಷಿಸಬೇಕು. ಕೀಲು ಊದಿಕೊಂಡರೆ, ಜ್ವರ ಬಂದರೆ, ತೂಕ ಇಳಿದರೆ, ನಡೆಯುವಾಗ ಎದೆ ನೊಂದರೆ, ಉಸಿರು ಕಟ್ಟಿದರೆ ಗಡಿಯಾರವನ್ನು ನಂಬಿ ಕೂಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಈ ವ್ಯಾಧಿಯನ್ನು ಬೇರುಸಹಿತ ಕೀಳುವ ಔಷಧ ಇನ್ನೂ ದೊರೆತಿಲ್ಲ. ದೊರೆತಿರುವುದು ದಿನಕ್ಕೆ ಕೆಲವು ನಿಮಿಷಗಳ ನಡಿಗೆಯ ಸಾಧಾರಣ ಫಲ. ಅದನ್ನು ರೋಗಿಯು ತಾನೊಬ್ಬಳೇ ಸಂಪಾದಿಸಲಾರಳು. ಆ ನಿಮಿಷಗಳನ್ನು ಆಕೆಗೆ ಬಿಟ್ಟುಕೊಡಬೇಕಾದವರು ಮನೆಯವರು.