ಕೊಟ್ಟ ಮಾತೂ ಕೂಡದ ಲೆಕ್ಕವೂ

2021ನೆಯ ಇಸವಿಯ ಮಾರ್ಚ್ 5ರಂದು ಅಮೆರಿಕದ ಸೆನೆಟ್ ಸಭೆಯಲ್ಲಿ ಮತಗಣನೆ ನಡೆಯುತ್ತಿದ್ದಾಗ, ಅರಿಜೋನಾ ರಾಜ್ಯದ ಡೆಮೊಕ್ರಾಟಿಕ್ ಸದಸ್ಯೆ ಕಿರ್ಸ್ಟನ್ ಸಿನೆಮಾ ಅವರು ಮುಂದಕ್ಕೆ ಬಂದು, ಮೊಣಕಾಲನ್ನು ಕೊಂಚ ಬಾಗಿಸಿ, ಹೆಬ್ಬೆರಳನ್ನು ಕೆಳಮುಖವಾಗಿ ತಿರುಗಿಸಿ ತಮ್ಮ ಅಸಮ್ಮತಿಯನ್ನು ಸೂಚಿಸಿದರು. ಸಭೆಯ ಮುಂದಿದ್ದುದು ಕನಿಷ್ಠ ವೇತನದ ಪ್ರಶ್ನೆ. 2009ರ ಜುಲೈ ತಿಂಗಳಿನಿಂದ ಗಂಟೆಗೆ 7.25 ಡಾಲರಿನಲ್ಲಿಯೇ ನಿಂತಿದ್ದ ಆ ಕೂಲಿಯನ್ನು ಹಂತಹಂತವಾಗಿ 15 ಡಾಲರಿಗೆ ಏರಿಸಬೇಕೆಂದು ಬರ್ನಿ ಸ್ಯಾಂಡರ್ಸ್ ತಂದ ತಿದ್ದುಪಡಿಯು, ಪರವಾಗಿ 42 ಮತಗಳೂ ವಿರುದ್ಧವಾಗಿ 58 ಮತಗಳೂ ಬಿದ್ದು, ಅಲ್ಲಿಯೇ ಸತ್ತುಹೋಯಿತು. ರಿಪಬ್ಲಿಕನ್ ಪಕ್ಷದ ಐವತ್ತು ಮಂದಿಯೂ ವಿರೋಧಿಸಿದುದು ನಿರೀಕ್ಷಿತವೇ ಆಗಿತ್ತು. ಆದರೆ ಉಳಿದ ಎಂಟು ಮತಗಳು ಡೆಮೊಕ್ರಾಟರ ಸಾಲಿನಿಂದಲೇ ಬಂದವು, ಮತ್ತು ಆ ಎಂಟರಲ್ಲಿ ಎರಡು, ಇದೇ ವೇತನವನ್ನು ಚುನಾವಣೆಯಲ್ಲಿ ವಾಗ್ದಾನ ಮಾಡಿ ಗೆದ್ದಿದ್ದ ಅಧ್ಯಕ್ಷ ಜೋ ಬೈಡನ್ ಅವರ ಸ್ವಂತ ರಾಜ್ಯವಾದ ಡೆಲಾವೇರಿನ ಇಬ್ಬರು ಸೆನೆಟರುಗಳವು.

ಅಮೆರಿಕದ ಪ್ರಗತಿಪರರಲ್ಲಿ, ಎಂದರೆ ಕಾರ್ಮಿಕ ಸಂಘಗಳ ಕಾರ್ಯಕರ್ತರು, ಉಪಾಧ್ಯಾಯರು, ದಾದಿಯರು, ಸಾಲ ಮಾಡಿ ಓದಿದ ತರುಣರು ಮುಂತಾದವರಲ್ಲಿ, ತಾವೇ ಮತವಿತ್ತು ಗೆಲ್ಲಿಸಿದ ಉದಾರವಾದಿ ನಾಯಕರ ವಿಷಯವಾಗಿ ವರ್ಷದಿಂದ ವರ್ಷಕ್ಕೆ ಬೆಳೆದು ಬಂದಿರುವ ಭ್ರಮನಿರಸನವನ್ನು ಯೌವನಸಹಜವಾದ ಅಸಹನೆಯೆಂದು ತಳ್ಳಿಹಾಕುವವರು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ನನಗೆ ಹಾಗೆ ತೋರುವುದಿಲ್ಲ. ಸೋಲನ್ನು ಜನರು ಸಹಿಸಬಲ್ಲರು. ಕಾದಾಡದೆ ಸೋತು, ಬಳಿಕ ಆ ಸೋಲನ್ನೇ ವಿವೇಕವೆಂದು ಉಪದೇಶಿಸುವ ನಾಯಕನನ್ನು ಸಹಿಸಲಾರರು.

ಆ ವೇತನದ ಪ್ರಸಂಗವನ್ನೇ ಇನ್ನೊಂದಿಷ್ಟು ಸಮೀಪದಿಂದ ನೋಡೋಣ. ಸೆನೆಟಿನಲ್ಲಿ ಸಾಮಾನ್ಯ ಮಸೂದೆಯನ್ನು ಮತಕ್ಕೆ ತರಬೇಕಾದರೆ 60 ಮಂದಿಯ ಒಪ್ಪಿಗೆ ಬೇಕು. ಆಯವ್ಯಯಕ್ಕೆ ಸಂಬಂಧಪಟ್ಟ ಒಂದು ವಿಶೇಷ ಬಗೆಯ ಮಸೂದೆಗೆ ಮಾತ್ರ ಬರಿಯ ಬಹುಮತ ಸಾಕು. ವೇತನದ ಏರಿಕೆಯು ಈ ಎರಡನೆಯ ಮಾರ್ಗದಲ್ಲಿ ಬರಲಾಗದೆಂದು ಸಭೆಯ ನಿಯಮಗಳ ಸಲಹೆಗಾರ್ತಿಯಾದ ಅಧಿಕಾರಿಯು ಅಭಿಪ್ರಾಯವಿತ್ತರು. ಅದು ಸಲಹೆಯೇ ಹೊರತು ಆಜ್ಞೆಯಲ್ಲ. ಪೀಠದಲ್ಲಿ ಕುಳಿತು ಅದನ್ನು ಬದಿಗಿರಿಸುವ ಅಧಿಕಾರವು ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಅವರಿಗಿತ್ತು. ಶ್ವೇತಭವನವು ಸಲಹೆಯನ್ನು ಶಿರಸಾವಹಿಸಿತು. 2001ರಲ್ಲಿ ಇಂತಹುದೇ ಅಧಿಕಾರಿಯೊಬ್ಬರ ತೀರ್ಪುಗಳು ರಿಪಬ್ಲಿಕನ್ನರ ಆಯವ್ಯಯ ಯೋಜನೆಗೆ ಅಡ್ಡಬಂದಾಗ, ಆ ಪಕ್ಷದ ನಾಯಕತ್ವವು ಅಧಿಕಾರಿಯನ್ನೇ ಬದಲಾಯಿಸಿಬಿಟ್ಟಿತ್ತು. ಆ ಕಾರ್ಯವು ಸಾಧುವೆಂದು ನಾನು ಹೇಳುವುದಿಲ್ಲ. ಆದರೆ ಶ್ರೀಮಂತರ ತೆರಿಗೆಯನ್ನು ಇಳಿಸಬೇಕಾದಾಗ ಒಂದು ಪಕ್ಷಕ್ಕೆ ತೃಣವಾಗಿ ತೋರುವ ನಿಯಮವು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳ ಕೂಲಿಯನ್ನು ಏರಿಸಬೇಕಾದಾಗ ಇನ್ನೊಂದು ಪಕ್ಷಕ್ಕೆ ಪರ್ವತವಾಗಿ ತೋರುವುದೇಕೆ ಎಂದು ಆ ಪಾತ್ರೆ ತೊಳೆಯುವವಳು ಕೇಳಿದರೆ, ಅವಳಿಗೆ ಉತ್ತರ ಹೇಳುವುದು ಸುಲಭವಲ್ಲ.

ಅದೇ ವರ್ಷ ಇದಕ್ಕಿಂತಲೂ ನೋವಿನ ಇನ್ನೊಂದು ಸಂಗತಿ ನಡೆಯಿತು. ಜುಲೈಯಿಂದ ಡಿಸೆಂಬರಿನವರೆಗೆ ಆರು ವರ್ಷದೊಳಗಿನ ಪ್ರತಿ ಮಗುವಿಗೆ ತಿಂಗಳಿಗೆ 300 ಡಾಲರು, ಅದಕ್ಕಿಂತ ದೊಡ್ಡ ಮಕ್ಕಳಿಗೆ 250 ಡಾಲರು, ಬಹುಮಟ್ಟಿಗೆ ಎಲ್ಲ ಸಾಮಾನ್ಯ ಕುಟುಂಬಗಳ ಖಾತೆಗೆ ತಾನಾಗಿ ಬಂದು ಬೀಳುತ್ತಿತ್ತು. ಅದುವರೆಗೆ ಆದಾಯವೇ ಸಾಲದೆಂಬ ಕಾರಣದಿಂದ ಈ ಸಹಾಯದ ಪೂರ್ಣ ಭಾಗಕ್ಕೆ ಹೊರಗಾಗಿದ್ದ ಕಡುಬಡವರಿಗೂ ಬಂದಿತು. ಸರಕಾರದ ಜನಗಣತಿ ಇಲಾಖೆಯು ತೆರಿಗೆ ವಿನಾಯಿತಿ, ಸಹಾಯಧನಗಳನ್ನೆಲ್ಲ ಸೇರಿಸಿ ಹಾಕುವ ಲೆಕ್ಕದ ಪ್ರಕಾರ ಆ ವರ್ಷ ಬಡತನದಲ್ಲಿದ್ದ ಮಕ್ಕಳ ಪ್ರಮಾಣವು ನೂರಕ್ಕೆ 5.2ಕ್ಕೆ ಇಳಿಯಿತು. ಅವಧಿ ತೀರಿದ ಮೇಲೆ ಅದನ್ನು ಮುಂದುವರಿಸುವ ಮಸೂದೆಯು ಪ್ರತಿನಿಧಿ ಸಭೆಯಲ್ಲಿ ಗೆದ್ದರೂ ಸೆನೆಟಿನಲ್ಲಿ ವೆಸ್ಟ್ ವರ್ಜೀನಿಯಾದ ಡೆಮೊಕ್ರಾಟ್ ಸದಸ್ಯ ಜೋ ಮಾಂಚಿನ್ ಅವರ ಅಸಮ್ಮತಿಯಿಂದ ನಿಂತುಹೋಯಿತು. 2022ರಲ್ಲಿ ಅದೇ ಪ್ರಮಾಣವು 12.4ಕ್ಕೆ ಏರಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದಾಯಿತೆಂದು ನಾವು ಹೇಳುವುದುಂಟು. ಇಲ್ಲಿಯಾದರೋ ಬಾಯಿಗೆ ಬಂದ ತುತ್ತನ್ನೇ ಕಿತ್ತುಕೊಂಡಂತಾಯಿತು, ಅದೂ ಮಕ್ಕಳ ಬಾಯಿಂದ. ರಿಪಬ್ಲಿಕನ್ ಸದಸ್ಯರಲ್ಲಿ ಒಬ್ಬರಾದರೂ ಕೈಜೋಡಿಸಿದ್ದರೆ ಹೀಗಾಗುತ್ತಿರಲಿಲ್ಲವೆಂಬುದು ನಿಜ, ಮತ್ತು ಹೆಚ್ಚಿನ ದೋಷ ಅವರದೇ. ಆದರೆ ಮಾತು ಕೊಟ್ಟವರು ಅವರಲ್ಲ.

ಉದಾರವಾದಿಗಳ ಸಮಾಧಾನವು ಸದಾ ಸಂಖ್ಯೆಯ ಸಮಾಧಾನ: ಮತಗಳು ಕೂಡಲಿಲ್ಲ, ಲೆಕ್ಕ ಹೊಂದಲಿಲ್ಲ. 2009ರಲ್ಲಿ ಬರಾಕ್ ಒಬಾಮಾ ಅವರಿಗೆ ಕೆಲವು ತಿಂಗಳ ಕಾಲ ಆ 60 ಮತಗಳೂ ಇದ್ದವು. ಆಗಲೂ ಸರಕಾರಿ ಆರೋಗ್ಯ ವಿಮೆಯ ಅಂಶವು ಮಸೂದೆಯಿಂದ ಬಿದ್ದುಹೋಯಿತು. ಮನೆಯ ಸಾಲ ತೀರಿಸಲಾರದೆ ಬೀದಿಗೆ ಬೀಳುತ್ತಿದ್ದ 30ರಿಂದ 40 ಲಕ್ಷ ಕುಟುಂಬಗಳನ್ನು ಉಳಿಸುವೆವೆಂದು ಸಾರಿದ ಯೋಜನೆಯು ಆ ಗುರಿಯ ಹತ್ತಿರವೂ ಸುಳಿಯಲಿಲ್ಲ, ಆದರೆ ಆ ಸಾಲಗಳ ಮೇಲೆ ಜೂಜಾಡಿದ ದೊಡ್ಡ ಬ್ಯಾಂಕುಗಳು ಸರಕಾರದ ಹಣದಿಂದ ಚೇತರಿಸಿಕೊಂಡವು. ಒಬಾಮಾ ಅವರ ಆರೋಗ್ಯ ಕಾನೂನು ಕೋಟ್ಯಂತರ ಜನರಿಗೆ ವಿಮೆಯನ್ನು ಒದಗಿಸಿತೆಂಬುದನ್ನು ಮರೆಯುವುದು ಕೃತಘ್ನತೆಯಾದೀತು. ಬೀದಿಪಾಲಾದವನನ್ನು ಮರೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಈ ಕಥೆಗೆ ದೀರ್ಘವಾದ ಪೂರ್ವಚರಿತ್ರೆಯುಂಟು. 1948ರಲ್ಲಿ ಮಿನಿಯಾಪೊಲಿಸ್ ನಗರದ ತರುಣ ಮೇಯರ್ ಹ್ಯೂಬರ್ಟ್ ಹಂಫ್ರಿ ಫಿಲಡೆಲ್ಫಿಯಾದ ಪಕ್ಷಾಧಿವೇಶನದಲ್ಲಿ ಎದ್ದು ನಿಂತು, ಕಪ್ಪು ಜನರ ನಾಗರಿಕ ಹಕ್ಕುಗಳ ವಿಷಯದಲ್ಲಿ ಪಕ್ಷವು ಇನ್ನೂ ಮೀನಮೇಷ ಎಣಿಸಕೂಡದೆಂದು ವಾದಿಸಿ ಗೆದ್ದರು. ದಕ್ಷಿಣದ ಕೆಲವು ಪ್ರತಿನಿಧಿಗಳು ಸಭಾತ್ಯಾಗ ಮಾಡಿದರೂ ಅವರು ಹಿಂಜರಿಯಲಿಲ್ಲ. ಹದಿನಾರು ವರ್ಷಗಳ ತರುವಾಯ, 1964ರ ಆಗಸ್ಟಿನಲ್ಲಿ, ಅಟ್ಲಾಂಟಿಕ್ ಸಿಟಿಯ ಅಧಿವೇಶನಕ್ಕೆ ಮಿಸಿಸಿಪ್ಪಿಯಿಂದ ಫ್ಯಾನಿ ಲೂ ಹೇಮರ್ ಎಂಬ ಹೊಲಗೂಲಿಯ ಹೆಂಗಸು ತನ್ನ ಸಂಗಡಿಗರೊಡನೆ ಬಂದಳು. ಮತದಾರಳಾಗಿ ಹೆಸರು ಬರೆಸಲು ಹೋದಳೆಂಬ ಒಂದೇ ಕಾರಣಕ್ಕೆ ತಾನು ದುಡಿಯುತ್ತಿದ್ದ ತೋಟದಿಂದ ಹೊರದೂಡಲ್ಪಟ್ಟು, ವಿನೋನಾ ಊರಿನ ಸೆರೆಮನೆಯಲ್ಲಿ ಮೈ ಮರಗಟ್ಟುವಂತೆ ಹೊಡೆತ ತಿಂದವಳು ಅವಳು. ಕಪ್ಪು ಜನರನ್ನು ಹೊರಗಿಟ್ಟು ಆರಿಸಿದ ಬಿಳಿಯರ ತಂಡದ ಬದಲು ತಮ್ಮನ್ನು ರಾಜ್ಯದ ಪ್ರತಿನಿಧಿಗಳೆಂದು ಒಪ್ಪಬೇಕೆಂದು ಅವಳು ಸಮಿತಿಯ ಮುಂದೆ ಸಾಕ್ಷ್ಯ ನುಡಿಯುತ್ತಿರುವಾಗಲೇ, ಅಧ್ಯಕ್ಷ ಜಾನ್ಸನ್ ಟೆಲಿವಿಷನ್ನಿನ ಗಮನವನ್ನು ಅವಳಿಂದ ತಿರುಗಿಸಲು ಅವಸರದ ಪತ್ರಿಕಾಗೋಷ್ಠಿಯೊಂದನ್ನು ಕರೆದರು. ರಾಜಿ ಮಾಡಿಸುವ ಹೊಣೆ ಬಿದ್ದುದು ಹಂಫ್ರಿಯವರ ಮೇಲೆ. ಉಪಾಧ್ಯಕ್ಷ ಪದವಿಯು ಅವರಿಗೆ ದೊರೆಯುವುದೂ ಬಿಡುವುದೂ ಆಗ ಜಾನ್ಸನ್ನರ ಕೈಯಲ್ಲಿತ್ತು. ಇಡೀ ತಂಡಕ್ಕೆ ಎರಡು ಸ್ಥಾನ, ಅವು ಯಾರಿಗೆಂಬುದನ್ನೂ ಮೇಲಿನವರೇ ಗೊತ್ತುಮಾಡುವರು. ಎರಡು ಸ್ಥಾನಕ್ಕಾಗಿ ತಾವು ಅಷ್ಟು ದೂರ ಬಂದವರಲ್ಲವೆಂದು ಹೇಮರ್ ನಿರಾಕರಿಸಿದಳು. ಅದೇ ಬೇಸಿಗೆಯಲ್ಲಿ ನಾಗರಿಕ ಹಕ್ಕುಗಳ ಮಹಾಶಾಸನವನ್ನು ಸೆನೆಟಿನಲ್ಲಿ ದಡ ಸೇರಿಸಿದವರೂ ಇದೇ ಹಂಫ್ರಿ ಎಂಬುದು ಈ ಪ್ರಸಂಗದ ದುಃಖವನ್ನು ಹೆಚ್ಚಿಸುತ್ತದೆ. ಮನುಷ್ಯ ಕೆಟ್ಟವನಾಗಿರಲಿಲ್ಲ. ಪದವಿಯ ಬಾಗಿಲಲ್ಲಿ ನಿಂತಾಗ, ತನ್ನನ್ನು ನಂಬಿದವರನ್ನೇ ತಾಳ್ಮೆಯಿಂದಿರೆಂದು ಬೇಡಿಕೊಳ್ಳುವ ಸ್ಥಿತಿಗೆ ಬಂದಿದ್ದನು.

2024ರ ಆಗಸ್ಟಿನಲ್ಲಿ ಷಿಕಾಗೋ ಅಧಿವೇಶನದಲ್ಲಿ ಕೇಳಿದುದು ಎರಡು ಸ್ಥಾನಗಳನ್ನೂ ಅಲ್ಲ, ಕೆಲವು ನಿಮಿಷಗಳನ್ನು. ಗಾಜಾದ ಯುದ್ಧದ ವಿಷಯದಲ್ಲಿ ಬೈಡನ್ ಅವರ ನೀತಿಯನ್ನು ಪ್ರತಿಭಟಿಸಿ ಮಿಷಿಗನ್ ರಾಜ್ಯವೊಂದರಲ್ಲಿಯೇ ಪಕ್ಷದೊಳಗಿನ ಚುನಾವಣೆಯಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಡೆಮೊಕ್ರಾಟರು ಯಾರಿಗೂ ಬದ್ಧರಲ್ಲವೆಂದು ಮತ ಹಾಕಿದ್ದರು. ಅವರ ಪ್ರತಿನಿಧಿಗಳು ಪ್ಯಾಲೆಸ್ತೀನ್ ಮೂಲದ ಅಮೆರಿಕನ್ನರೊಬ್ಬರಿಗೆ ವೇದಿಕೆಯಲ್ಲಿ ಮಾತನಾಡಲು ಅವಕಾಶ ಬೇಡಿದರು. ಒತ್ತೆಯಾಳಾಗಿದ್ದ ಇಸ್ರೇಲಿ ತರುಣನ ತಂದೆತಾಯಿಗಳಿಗೆ ವೇದಿಕೆ ದೊರೆಯಿತು, ಅದು ಯುಕ್ತವೇ ಆಗಿತ್ತು. ಇವರಿಗೆ ದೊರೆಯಲಿಲ್ಲ, ಸಭಾಂಗಣದ ಹೊರಗೆ ನೆಲದ ಮೇಲೆ ಕುಳಿತು ರಾತ್ರಿ ಕಳೆದರು. 2020ರಲ್ಲಿ ಬೈಡನ್ ಅವರಿಗೆ ಭಾರಿ ಬಹುಮತವಿತ್ತಿದ್ದ, ಅರಬ್ ಮೂಲದವರು ಬಹುಸಂಖ್ಯಾತರಾಗಿರುವ, ಅದೇ ಮಿಷಿಗನ್ನಿನ ಡಿಯರ್‌ಬಾರ್ನ್ ನಗರದಲ್ಲಿ ಆ ನವೆಂಬರಿನಲ್ಲಿ ಹ್ಯಾರಿಸ್ ಅವರಿಗಿಂತ ಟ್ರಂಪ್ ಅವರಿಗೆ ಹೆಚ್ಚು ಮತ ಬಂದಿತು.

ಇಷ್ಟೆಲ್ಲ ಆದಮೇಲೆ ಮತಗಟ್ಟೆಗೆ ಹೋಗದೆ ಮನೆಯಲ್ಲಿಯೇ ಉಳಿದವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಅವರ ನಿರ್ಣಯವನ್ನು ನಾನು ಒಪ್ಪಲಾರೆ. ಕೈಚೆಲ್ಲಿ ಕುಳಿತವರ ಪಾಲಿಗೆ ಬಂದುದೇನೆಂಬುದನ್ನು 2025ರ ಘಟನಾವಳಿಯೇ ತೋರಿಸಿದೆ. ಪಕ್ಷದೊಳಗಿನ ಚುನಾವಣೆಯಲ್ಲಿಯೇ ಹಳಬರನ್ನು ಎದುರಿಸುವ ಮಾರ್ಗವು ಕಷ್ಟದ್ದು, ಆದರೆ ಫಲ ಕೊಟ್ಟದ್ದು ಅದೇ. 2018ರಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ನ್ಯೂಯಾರ್ಕಿನಲ್ಲಿ ಪಕ್ಷದ ಹಿರಿಯ ಧುರೀಣನೊಬ್ಬನನ್ನು ಹಾಗೆ ಸೋಲಿಸಿದರು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ, ಡೆಟ್ರಾಯಿಟ್ ನಗರದ ಕ್ಷೇತ್ರದಿಂದ 2022ರಲ್ಲಿ ಪ್ರತಿನಿಧಿ ಸಭೆಗೆ ಆರಿಸಿಹೋದ ಶ್ರೀ ಥಾನೇದಾರ್ ಅವರು 2018ರಲ್ಲಿ ಗವರ್ನರ್ ಪದವಿಗೆ ಸ್ಪರ್ಧಿಸಿದಾಗ ತಮ್ಮನ್ನು ಪ್ರಗತಿಪರರೆಂದೇ ಪರಿಚಯಿಸಿಕೊಂಡಿದ್ದರು. 2025ರಲ್ಲಿ ಅವರ ವಿರುದ್ಧವೂ ಪ್ರಗತಿಪರರು ತಮ್ಮ ಅಭ್ಯರ್ಥಿಯನ್ನು ಮುಂದೆ ತಂದರು.

ಅದೇ ವರ್ಷ ನ್ಯೂಯಾರ್ಕ್ ನಗರದಲ್ಲಿ ಜೊಹ್ರಾನ್ ಮಮ್ದಾನಿ ಮಾಜಿ ಗವರ್ನರ್ ಆಂಡ್ರ್ಯೂ ಕ್ವೋಮೊ ಅವರನ್ನು ಜೂನಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಸೋಲಿಸಿ ಮೇಯರ್ ಪದವಿಗೆ ಆಯ್ಕೆಯಾದರು. ಸ್ವಪಕ್ಷದ ಮತದಾರರು ಆರಿಸಿದ ಈ ಅಭ್ಯರ್ಥಿಗೆ ಸೆನೆಟಿನ ಡೆಮೊಕ್ರಾಟ್ ನಾಯಕ ಚಕ್ ಶೂಮರ್ ಕೊನೆಯವರೆಗೂ ಬೆಂಬಲ ಸಾರಲಿಲ್ಲ. ಈಗ ಮಮ್ದಾನಿಯವರೂ ಮಾತು ಕೊಟ್ಟವರ ಸಾಲಿಗೆ ಸೇರಿದ್ದಾರೆ. ನಿಯಂತ್ರಣಕ್ಕೊಳಪಟ್ಟ ಮನೆಗಳ ಬಾಡಿಗೆಯನ್ನು ಏರದಂತೆ ತಡೆಯುವುದು ಮೇಯರ್ ತಾನೇ ನೇಮಿಸುವ ಮಂಡಲಿಯ ಅಧೀನ, ಅಲ್ಲಿ ನೆಪ ಹೇಳುವಂತಿಲ್ಲ. ಆದರೆ ಅವರು ಉಚಿತವಾಗಿ ಓಡಿಸುವೆನೆಂದ ಬಸ್ಸುಗಳು ರಾಜ್ಯದ ಸಂಸ್ಥೆಯ ಕೈಯಲ್ಲಿವೆ. ಶ್ರೀಮಂತರ ಮೇಲೆ ಹೆಚ್ಚಿನ ತೆರಿಗೆ ಹಾಕುವ ಅಧಿಕಾರವು ರಾಜ್ಯದ ರಾಜಧಾನಿಯಾದ ಆಲ್ಬನಿಯಲ್ಲಿರುವ ಅದೇ ಪಕ್ಷದ ಗವರ್ನರ್ ಹಾಗೂ ಶಾಸಕರದು. ಲೆಕ್ಕ ಕೂಡಲಿಲ್ಲವೆಂಬ ಮಾತು ಅಲ್ಲಿಂದ ಬರುವ ದಿನ, ಮಮ್ದಾನಿಯವರಿಗಾಗಿ ಮಹಡಿ ಮಹಡಿ ಹತ್ತಿ ಬಾಗಿಲು ತಟ್ಟಿದ ಸಾವಿರಾರು ತರುಣರು ಮನೆಯಲ್ಲಿ ಕುಳಿತು ನಿಟ್ಟುಸಿರು ಬಿಡಬಾರದು. ಆಲ್ಬನಿಯ ಒಬ್ಬೊಬ್ಬ ಶಾಸಕನ ಕ್ಷೇತ್ರಕ್ಕೂ ಹೋಗಿ, ಅವನು ಯಾವ ಕಡೆ ಮತ ಹಾಕಿದನೆಂಬುದನ್ನು ಅಲ್ಲಿಯ ಮನೆಮನೆಯ ಬಾಗಿಲಲ್ಲಿ ನಿಂತು ಹೇಳಬೇಕು, ಮತ್ತು ಮಾತಿಗೆ ತಪ್ಪಿದವನು ಮಮ್ದಾನಿಯೇ ಆದರೂ ಹಾಗೆಯೇ ಹೇಳಬೇಕು.